ಎಣ್ಣೆಡಬ್ಬಿಗಳ ವರ್ಗದಲ್ಲಿ ಕಣ್ಣಿನ ಹನಿ

ಒಮ್ಮೆ ಹಿಂಡಿದರೆ ಒಂದೇ ಹನಿ ಬೀಳುವಂಥ ಮುಚ್ಚಳವನ್ನು ಅವಳು ಮಾಡಿದ್ದು ತಾಯಿಯ ನಡುಗುವ ಕೈಗಾಗಿ. ಕಣ್ಣಿನ ಔಷಧಿಯಲ್ಲಿ ಅರ್ಧ ಕೆನ್ನೆಗೇ ಹೋಗುತ್ತಿತ್ತು. ಕಾಲೇಜಿನಲ್ಲಿ ಮಕ್ಕಳಿಗೆ ಭೌತಶಾಸ್ತ್ರದ ಪಾಠ ಹೇಳಿ ಮುಗಿಸಿ, ಪ್ರಯೋಗಾಲಯದಲ್ಲೇ ಕೂತು ಮೂರು ವರ್ಷ ತಿದ್ದಿ ತೀಡಿದ್ದಳು. ಅಕ್ಕನ ಗಂಡನಿಗೆ ಪೇಟೆಂಟ್ ಅರ್ಜಿ ಬರೆದುಕೊಡುವುದೇ ಕಸುಬು. ನಕ್ಷೆ ನೋಡಿ ಭಾವ ಬೆನ್ನು ತಟ್ಟಿದ್ದರು. "ಆತುರ ಬೇಡಮ್ಮ, ಹಣ್ಣಾಗ್ಲಿ. ಬೇರೆ ಯಾರಾದ್ರೂ ಮಾಡಿದಾರಾ ಅಂತ ಹುಡುಕೋ ಕೆಲಸ ನಂಗ್ ಬಿಡು."

ಎರಡು ವರ್ಷವಾದರೂ ಹಣ್ಣಾಗಲಿಲ್ಲ. ಕೊನೆಗೆ ಅವಳೇ ರಜೆ ಹಾಕಿ, ಬಂದ ಅರ್ಜಿಗಳನ್ನೆಲ್ಲ ವರ್ಗವಾರು ಜೋಡಿಸಿಟ್ಟ ಪೇಟೆಂಟ್ ಕಚೇರಿಯ ಶೋಧನಾ ಕೊಠಡಿಗೆ ಬಂದಳು.

ಔಷಧಿ ಉಪಕರಣಗಳ ವರ್ಗದಲ್ಲಿ ಅಂಥ ಮುಚ್ಚಳ ಒಂದೂ ಇರಲಿಲ್ಲ. ಸದ್ಯ ಬದುಕಿದೆ ಎಂದು ಚೀಲ ಎತ್ತಿಕೊಂಡಾಗ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು.

"ಆಗ್ಲೇ ಹೊರಟ್ರಾ? ಕೊನೇಲಿರೋ ಸಣ್ಣಕ್ಷರ ಓದಿದ್ರಾ?"

ವರ್ಗದ ಕೊನೆಗೆ ಒಂದು ಸಾಲಿತ್ತು: ‘ಹನಿಹನಿಯಾಗಿ ದ್ರವ ಬಿಡುವ ಸಾಧನಗಳಿಗೆ, ಯಂತ್ರಗಳ ಎಣ್ಣೆಡಬ್ಬಿಗಳನ್ನೂ ನೋಡಿ.’

"ಎಣ್ಣೆಡಬ್ಬಿಗೂ ಕಣ್ಣಿಗೂ ಏನ್ ಸಂಬಂಧ ಸಾರ್?"

"ವಸ್ತುವಿಗೆ ಸ್ವಂತ ಮನೆ ಒಂದೇ ಮೇಡಂ, ನೆಂಟರ ಮನೆ ಹತ್ತು. ಯಾತಕ್ಕೆ ಬಳಸ್ತಾರೆ ಅಂತ ನೋಡಿ ಒಂದು ಕಡೆ ಇಡ್ತೀವಿ. ಹೇಗೆ ಕೆಲಸ ಮಾಡುತ್ತೆ ಅಂತ ನೋಡಿದ್ರೆ ಅದರ ಜೋಡಿ ಇನ್ನೆಲ್ಲೋ ಕೂತಿರುತ್ತೆ. ಅದಕ್ಕೇ ಈ ಕೈಮರ. ಯಾವ ವರ್ಗದಲ್ಲಿ ಸಿಕ್ಕಿದ್ರೂ ಮೊದಲು ಬಂದ ಅರ್ಜಿ ಮೊದಲಿನದೇ, ಆಮೇಲೆ ಬಂದವರಿಗೆ ಪೇಟೆಂಟ್ ಸಿಗಲ್ಲ."

ಎಣ್ಣೆಡಬ್ಬಿಗಳ ಸಾಲಿನಲ್ಲಿ ನಲವತ್ತೊಂದನೆಯ ಅರ್ಜಿ ತೆರೆದಾಗ ಅವಳ ಬೆರಳು ನಿಂತಿತು. ಲೇತ್ ಯಂತ್ರಕ್ಕೆ ಎಣ್ಣೆ ಬಿಡುವ ಮುಚ್ಚಳವಂತೆ. ಅವಳ ನಕ್ಷೆಯಲ್ಲಿದ್ದ ಅದೇ ಉಂಗುರ, ಅದೇ ಪೊರೆ. ತೂತಿನ ಅಳತೆಯೂ ಅದೇ: ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲು. ನೀರಿನಂಥ ಔಷಧಿಗೆಂದು ಅವಳು ಲೆಕ್ಕ ಹಾಕಿದ್ದ ಅಳತೆ. ಮಂದವಾದ ಎಣ್ಣೆ ಅದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಿಂಡಿದರೂ ಇಳಿಯುವುದಿಲ್ಲ. ಕದ್ದವರು ಅದನ್ನು ಬದಲಿಸುವ ಗೋಜಿಗೂ ಹೋಗಿರಲಿಲ್ಲ.

ಅರ್ಜಿಯ ತಾರೀಖು, ಅವಳು ನಕ್ಷೆ ತೋರಿಸಿದ ಮುಂದಿನ ವಾರದ್ದು. ಸಂಶೋಧಕರ ಜಾಗದಲ್ಲಿ ಭಾವನ ಹೆಸರು. ಅದರ ಕೆಳಗೆ ಅಕ್ಕನದು, ದುಂಡನೆಯ ಸಹಿಯೊಂದಿಗೆ.

ಹೊರಗಿನ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದಳು.

"ಅಕ್ಕಾ, ಎಣ್ಣೆಡಬ್ಬಿ ಅರ್ಜೀಲಿ ನಿನ್ ಸಹಿ ಇದೆ."

ಅತ್ತ ಕುಕ್ಕರ್ ಒಮ್ಮೆ ಕೂಗಿ ಸುಮ್ಮನಾಯಿತು.

"ವರ್ಗವೇ ಬೇರೆ, ಅವಳಿಗೇನೂ ತೊಂದ್ರೆ ಆಗಲ್ಲ ಅಂದ್ರು ನಿಮ್ಮ ಭಾವ."

"ನೀನು ನಂಬಿದ್ಯಾ?"

"ಇಲ್ಲ." ಅಕ್ಕನ ದನಿ ಗಟ್ಟಿಯಾಯಿತು. "ಚಿಕ್ಕಂದಿನಿಂದ ಎಲ್ಲದಕ್ಕೂ ನೀನೇ. ನೆಂಟರು ಬಂದ್ರೆ ನಿನ್ನ ಅಂಕಪಟ್ಟಿ, ನಾನು ಮಾಡಿದ ಕಾಫಿ. ಇದೊಂದಾದ್ರೂ ನನ್ ಹೆಸರಲ್ಲಿರ್ಲಿ ಅನ್ನಿಸ್ತು. ಅಮ್ಮಂಗೆ ಮಾತ್ರ ಹೇಳ್ಬೇಡ ಕಣೇ."

ಭಾವನ ಮೇಲೆ ಸಿಟ್ಟು ಬಂದಿತ್ತು, ಸಿಟ್ಟು ಇಳಿಯುವಂಥದ್ದು. ಇದು ಹಾಗಲ್ಲ. ಎರಡು ವರ್ಷ ಪ್ರತಿ ಭಾನುವಾರ ಪಕ್ಕದಲ್ಲಿ ಕೂತು "ನಿನ್ನ ಮುಚ್ಚಳ ಎಲ್ಲಿಗೆ ಬಂತೇ?" ಎಂದು ಕೇಳುತ್ತಿದ್ದವಳು ಇದೇ ಅಕ್ಕ.

ಒಳಗೆ ಬಂದು ಗುಮಾಸ್ತರ ಮುಂದೆ ನಿಂತಳು.

"ಇದು ನಂದು ಸಾರ್. ಏನ್ ಮಾಡ್ಬೇಕು?"

ಅವರು ಅವಳ ಮುಖವನ್ನೂ ಅರ್ಜಿಯನ್ನೂ ನೋಡಿದರು. "ಇನ್ನೂ ಮಂಜೂರಾಗಿಲ್ಲ, ತಕರಾರು ಹಾಕ್ಬಹುದು. ತಾರೀಖು ಬರೆದಿರೋ ನೋಟ್‌ಬುಕ್ ಇದ್ಯಾ?"

"ಇದೆ."

"ಮನೆಯವರ ಮೇಲೇನಾ?"

ಅವಳು ಫಾರಂ ತೆಗೆದುಕೊಂಡು ಕಿಟಕಿಯ ಬಳಿ ಕೂತಳು. ಯಾರ ವಿರುದ್ಧ ಎಂಬಲ್ಲಿ ಎರಡು ಸಾಲುಗಳಿದ್ದವು. ಮೊದಲನೆಯದರಲ್ಲಿ ಅಕ್ಕನ ಹೆಸರು ಬರೆದಳು.