ಗಾಜಿನ ಗೂಡಿನಿಂದ ಬಂದ ಒಪ್ಪಿಗೆ

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಜಗತ್ತಿನ ದೇಶಗಳೆಲ್ಲ ಸೇರಿ ಕಟ್ಟಿಕೊಂಡ ಸಂಸ್ಥೆಯನ್ನು ಸುಧಾರಿಸಲು ಕೂತ ಸಭೆಯಿಂದ ಅಂದರೆ ನೀವು ಪುಟ ಮಗುಚುತ್ತೀರಿ. (ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.) ಮೊದಲ ಡ್ರಾಫ್ಟಿನಲ್ಲಿ ಸಂಸ್ಥೆಯ ಇತಿಹಾಸ ಬರೆದಿದ್ದೆ, ನನಗೇ ಆಕಳಿಕೆ ಬಂತು, ಹರಿದು ಹಾಕಿದೆ.

೧

ದುಭಾಷಿ ಸಭಾಂಗಣದ ಹಿಂಬದಿಯ ಗಾಜಿನ ಗೂಡಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಯಾವುದಾದರೂ ಒಂದು ದೇಶ ಬೇಡವೆಂದರೂ ಸಂಸ್ಥೆ ಎಲ್ಲಿಗೂ ಔಷಧಿ ಕಳಿಸುವಂತಿಲ್ಲ ಎಂಬ ನಿಯಮವನ್ನು ಅವತ್ತು ತೆಗೆಯಬೇಕಿತ್ತು. ತೆಗೆಯುವುದಕ್ಕೂ ಎಲ್ಲರೂ ಒಪ್ಪಬೇಕಿತ್ತು. (ನಗಬೇಡಿ. ನಿಯಮ ಬರೆದವರು ಬಹಳ ಓದಿದವರು.)

ಅವಳ ಅಕ್ಕ ಗಡಿಯೂರಿನ ಆಸ್ಪತ್ರೆಯಲ್ಲಿ ನರ್ಸ್. ಅಲ್ಲಿ ವಾಂತಿಭೇದಿ ಹಬ್ಬಿತ್ತು. ಸಂಸ್ಥೆಯ ಔಷಧಿಯ ಹಡಗು ಈ ಒಪ್ಪಿಗೆಗೆ ಕಾಯುತ್ತಾ ಆ ಊರಿನ ಬಂದರಿನ ಹೊರಗೇ ಲಂಗರು ಹಾಕಿ ನಿಂತಿತ್ತು. ವಿರಾಮದಲ್ಲಿ ಅಕ್ಕನ ಫೋನ್ ಬಂತು.

"ಏನಾಯ್ತೇ?"

"ಇನ್ನೂ ಮಾತಾಡ್ತಾನೇ ಇದಾರೆ ಅಕ್ಕ. ಒಬ್ರು ಒಪ್ಪೋದು ಬಾಕಿ."

"ಇಲ್ಲಿ ಮಕ್ಕಳಿಗೆ ಅಳೋಕೂ ತ್ರಾಣ ಇಲ್ಲ ಕಣೇ."

೨

ಬಾಕಿಯಿದ್ದವರು ಒಬ್ಬ ಹಿರಿಯ ಪ್ರತಿನಿಧಿ. ಅವರ ಭಾಷೆ ಅಲ್ಲಿ ಬರುತ್ತಿದ್ದದ್ದು ಅವಳಿಗೊಬ್ಬಳಿಗೇ. ಅವರು ಕನ್ನಡಕ ಒರೆಸಿಕೊಂಡು ಮೈಕಿಗೆ ಬಾಗಿದರು. "ಆಗಲಿ, ನೋಡೋಣ."

ಇದು ಹೌದೋ, ಅಲ್ಲವೋ? ಮನೆಯಲ್ಲಿ ಅಪ್ಪ ಹಾಗಂದರೆ ಆಗುವುದಿಲ್ಲವೆಂದೇ ಅರ್ಥ. ಅಮ್ಮ ಹಾಗಂದರೆ ಕೆಲಸ ಆದಂತೆಯೇ. ಅಧ್ಯಕ್ಷರು ಗಾಜಿನತ್ತ ತಿರುಗಿದರು. ಅವಳ ಬಾಯಿಂದ "ಒಪ್ಪಿಗೆ" ಎಂದು ಬಂದುಬಿಟ್ಟಿತು. ಅಧ್ಯಕ್ಷರ ಸುತ್ತಿಗೆ ಮೇಜಿಗೆ ಬಿತ್ತು. ಚಪ್ಪಾಳೆ.

(ಇಲ್ಲಿ ನಾನು ಅವಳನ್ನು ತಡೆದೆ. "ಬೇಕಂತಲೇ ಅಂದ್ಯಾ, ಬಾಯಿ ತಪ್ತಾ?"

"ನಂಗೊತ್ತಿಲ್ಲ. ಬರೀತಿರೋರು ನೀವು."

"ನಂಗೂ ಗೊತ್ತಿಲ್ಲ ತಾಯಿ."

"ಹಾಗಿದ್ರೆ ಸುಮ್ನೆ ಮುಂದಕ್ಕೆ ಬರೀರಿ.")

೪

(ಮೂರನೆಯದರಲ್ಲಿ ಎಲ್ಲರೂ ಭಾಷಣ ಮಾಡುತ್ತಿದ್ದರು, ಕೈಬಿಟ್ಟೆ.)

ಕಾರಿಡಾರಿನ ಕಾಫಿ ಮೆಷಿನ್ ಹತ್ತಿರ ಹಿರಿಯರು ಸಿಕ್ಕರು. "ಚಪ್ಪಾಳೆ ಯಾಕಮ್ಮ ಬಿತ್ತು?"

"ನೀವು ಒಪ್ಪಿದ್ರಿ ಅಂತ ಹೇಳ್ದೆ ಸರ್. ಒಪ್ಪಿದ್ರಿ ತಾನೇ?"

ಅವರು ಕಪ್ಪನ್ನು ಮೆಷಿನ್ ಮೇಲಿಟ್ಟರು. "ನಮ್ಮ ಸರ್ಕಾರ ನಂಗೆ ಹೌದು ಅಂತಾನೂ ಹೇಳಿಲ್ಲ, ಬೇಡ ಅಂತಾನೂ ಹೇಳಿಲ್ಲ. ನಾಳೆ ಅವರು ಕೇಳಿದ್ರೆ ತಪ್ಪು ನಿಂದೇ ಅನ್ಬೇಕಾಗುತ್ತೆ."

"ಅನ್ನಿ ಸರ್. ಅಷ್ಟರಲ್ಲಿ ಹಡಗು ದಡ ಸೇರಿರುತ್ತೆ."

"ಸೇರ್ಲಿ, ನಂಗೂ ಮೊಮ್ಮಕ್ಕಳಿದಾರೆ. ಆದ್ರೆ ಒಬ್ಬರು ತಪ್ಪಾಗಿ ಹೇಳಿದ್ದಕ್ಕೆ ನಿಯಮ ಬದಲಾದ್ರೆ, ಮುಂದೆ ಈ ಸಂಸ್ಥೆನ ಯಾರಮ್ಮ ನಂಬ್ತಾರೆ?"

ಇಲ್ಲಿಗೆ ನಾನು ಎರಡು ಮುಕ್ತಾಯ ಬರೆದು ಅವಳ ಕೈಗೆ ಕೊಟ್ಟೆ.

ಮುಕ್ತಾಯ ಅ: ಹಡಗು ಬಂತು, ಮಕ್ಕಳು ಎದ್ದು ಕೂತರು, ಅವಳ ಕೆಲಸ ಹೋಯಿತು.

ಮುಕ್ತಾಯ ಆ: ಅವಳು ತಪ್ಪೊಪ್ಪಿಕೊಂಡಳು. ನಿರ್ಣಯ ರದ್ದಾಯಿತು, ವಿಚಾರಣೆಗೆ ಸಮಿತಿಯೊಂದು ಹುಟ್ಟಿತು.

ಎರಡನ್ನೂ ಓದಿ ಅವಳು ಸಿಡುಕಿದಳು. "ಒಂದ್ರಲ್ಲಿ ನನ್ನ ತ್ಯಾಗಿ ಮಾಡಿದೀರಿ, ಇನ್ನೊಂದ್ರಲ್ಲಿ ಪ್ರಾಮಾಣಿಕಳು. ನಂಗೆ ಆಗ್ತಿರೋ ಭಯ ಎಲ್ಲೂ ಇಲ್ವಲ್ರೀ!"

ಸರಿ, ಭಯವನ್ನೇ ಬರೆಯುತ್ತೇನೆ. ಫೋನ್ ಮತ್ತೆ ಬಂತು. "ಹಡಗು ದಡಕ್ಕೆ ಹೊರಟಿದೆಯಂತೆ ಕಣೇ! ನಿಜಾನಾ?" ಅಕ್ಕ ಅಳುತ್ತಿದ್ದಳು. ಅಷ್ಟರಲ್ಲಿ ಅಧ್ಯಕ್ಷರು ಅವಳೆದುರು ಬಂದು ನಿಂತರು. "ಆ ಹಿರಿಯರು ಅಂದದ್ದನ್ನು ಇನ್ನೊಮ್ಮೆ ಹೇಳಿ, ನಿಖರವಾಗಿ."

ಒಂದು ಕಿವಿಯಲ್ಲಿ ಅಕ್ಕ, ಎದುರಿಗೆ ಅಧ್ಯಕ್ಷರು. ಅವಳು ಬಾಯಿ ತೆರೆದಳು. ಯಾರಿಗೆ ಉತ್ತರ ಕೊಡುತ್ತಾಳೆ, ಯಾವ ಭಾಷೆಯಲ್ಲಿ ಕೊಡುತ್ತಾಳೆ, ನನಗೂ ಕೇಳಿಸುತ್ತಿಲ್ಲ. ನೀವೇ ಸ್ವಲ್ಪ ಹತ್ತಿರ ಹೋಗಿ ಕೇಳಿಸಿಕೊಳ್ಳಿ.