ಮುಂದೆ ತಗಡು, ಹಿಂದೆ ಗಾಜು

ಟಕ್. ಉಗುರು ಗಾಜಿಗೆ ತಾಗಿದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಕ್.

ಕೊರಿನ್ ಕಣ್ಣು ತೆರೆಯಲಿಲ್ಲ. ಹಾಸಿಗೆಯ ಆ ಬದಿಯಲ್ಲಿ ವಾರೆನ್ ಬೆನ್ನು ತಿರುಗಿಸಿ ಫೋನು ನೋಡುತ್ತಿದ್ದ. ಅದರ ಬೆಳಕು ಮುಚ್ಚಿದ ರೆಪ್ಪೆಗೂ ತಿಳಿಯುತ್ತಿತ್ತು. ಹದಿನಾಲ್ಕು ವರ್ಷದ ದಾಂಪತ್ಯದಲ್ಲಿ ಅವಳು ಚೆನ್ನಾಗಿ ಕಲಿತದ್ದೆಂದರೆ ನಿದ್ದೆ ಹೋದವರಂತೆ ಉಸಿರಾಡುವುದು. ನಾಳೆ ಮಧ್ಯಾಹ್ನ ಹನ್ನೆರಡೂವರೆಗೆ ಮಿಸೆಸ್ ಒಕಿಮೊಟೊ ಅವರ ಮಹಡಿಯ ಬಾಡಿಗೆ ಕೋಣೆಯ ಕೀಲಿ ತೆಗೆದುಕೊಳ್ಳಬೇಕು. ಅದು ವಾರೆನ್‌ಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಅವಳು ತಿಳಿದಿದ್ದಳು.

ಬೆಳಿಗ್ಗೆ ಸ್ಯಾಕ್ರಮೆಂಟೊದ ಹೆದ್ದಾರಿಯಲ್ಲಿ ಹಿಂದಿನಿಂದ ಮೂರು ಕಾರುಗಳು ಹಾರ್ನ್ ಹೊಡೆದವು. ಅವಳು ವೇಗ ಕಡಿಮೆ ಮಾಡಿದಳು. ಹೆಚ್ಚು ಮಾಡಿದಳು. ಪಕ್ಕಕ್ಕೆ ಬಂದ ಒಬ್ಬ ಟ್ರಕ್ಕಿನ ಚಾಲಕ ಇಣುಕಿ ನೋಡಿ ತಲೆಯಾಡಿಸಿ ಹೋದ. ಕೆಂಪು ದೀಪದಲ್ಲಿ ನಿಂತಾಗ ಹಿಂದಿನ ಕಾರಿನ ಮುದುಕ ಫೋನು ಎತ್ತಿ ಫೋಟೊ ತೆಗೆದದ್ದು ಕನ್ನಡಿಯಲ್ಲಿ ಕಂಡಿತು. ಅವಳು ಕೂದಲು ಮುಟ್ಟಿಕೊಂಡಳು. ಕುಪ್ಪಸದ ಗುಂಡಿ ನೋಡಿಕೊಂಡಳು. ಎಲ್ಲ ಸರಿಯಾಗಿತ್ತು. ಆದರೂ ತನ್ನಲ್ಲೇ ಏನೋ ತಪ್ಪಿದೆ ಎನ್ನುವುದು ಅವಳಿಗೆ ಹೊಸ ಅನಿಸಿಕೆಯಲ್ಲ.

ವಾಹನ ನೋಂದಣಿ ಕಚೇರಿಯಲ್ಲಿ ಜನ ಕೇಳುವ ಪ್ರಶ್ನೆಗಳಿಗೆ ಉತ್ತರ ಬರೆಯುವುದು ಅವಳ ಕೆಲಸ. ಇಂದಿನ ಕರಪತ್ರದ ಮೊದಲ ಪ್ರಶ್ನೆ: ಗಾಜಿನ ಪರದೆಯ ಎಲೆಕ್ಟ್ರಾನಿಕ್ ನಂಬರ್ ಪ್ಲೇಟ್ ಇರುವ ಕಾರಿಗೆ ತಗಡಿನ ಪ್ಲೇಟೂ ಬೇಕೆ?

"ಒಂದೇ ಸಾಲಲ್ಲಿ ಮುಗಿಸು," ಎಂದ ಮೇಲಧಿಕಾರಿ ಡೆಲ್ಮರ್.

"ಯಾಕೆ ಬೇಕು ಅಂತ ಕೇಳ್ತಾರಲ್ಲ?"

"ಕೇಳ್ಲಿ. ಕಾರಣ ಕೊಟ್ರೆ ವಾದಕ್ಕೆ ಬರ್ತಾರೆ."

ಅವಳು ಬರೆದಳು: ಬೇಕು. ಹಿಂಭಾಗಕ್ಕೆ ಎಲೆಕ್ಟ್ರಾನಿಕ್ ಪ್ಲೇಟು ಸಾಕು. ಮುಂಭಾಗದಲ್ಲಿ ಮಾತ್ರ ತಗಡಿನದು ಇರಲೇಬೇಕು.

ಪಕ್ಕದ ಮೇಜಿನ ಲೊರೆಟಾ ಕರಡು ತಿದ್ದುತ್ತ ಮೂರನೆಯ ಉತ್ತರ ಜೋರಾಗಿ ಓದಿದಳು. "ಕಾರು ಕಳುವಾದ್ರೆ ಮಾಲೀಕ ತನ್ನ ಫೋನಿಂದ್ಲೇ ಪ್ಲೇಟಿನ ಮೇಲೆ 'ಕಳವು' ಅಂತ ಮೂಡಿಸಬಹುದು. ಅಬ್ಬಾ! ನನ್ನ ಇಬ್ರು ಗಂಡಂದಿರ ಹಣೆಗೂ ಇಂಥದ್ದೊಂದು ಇರ್ಬೇಕಿತ್ತು ಕಣೇ. ದೂರದಿಂದ್ಲೇ ಓದಿ ತಪ್ಪಿಸ್ಕೊತಿದ್ದೆ."

ಕೊರಿನ್ ನಕ್ಕಳು. "ನಮ್ಮ ಕಾರಿಗೂ ಇದೆ. ವಾರೆನ್ ನನ್ನ ಹುಟ್ಟುಹಬ್ಬಕ್ಕೆ ಹಾಕಿಸಿದ್ದು."

"ನಿನಗೆ ಅಂತ ಹಾಕಿಸಿದ್ನಾ? ಅದನ್ನ ಬದಲಿಸೋದು ಯಾರ ಫೋನಿಂದ?"

"ಕಾರು ಅವನ ಹೆಸರಲ್ಲಿದೆ," ಎಂದಳು ಕೊರಿನ್. ಅದು ಉತ್ತರವೆಂದೇ ಅವಳು ಭಾವಿಸಿದ್ದಳು.

ಹನ್ನೆರಡಕ್ಕೆ ಹೊರಟಳು. ಕೋಣೆ ಅವಳು ಎರಡು ಸಲ ನೋಡಿದ್ದ ಕೋಣೆ. ಕೆಳಗೆ ಬ್ರೆಡ್ಡಿನ ಅಂಗಡಿ, ಪೂರ್ವಕ್ಕೊಂದು ಕಿಟಕಿ, ಒಬ್ಬರೇ ಮಲಗುವಷ್ಟು ಅಗಲದ ಮಂಚ. ಆ ಮಂಚವೇ ಅವಳಿಗೆ ಇಷ್ಟವಾದದ್ದು. "ಒಂದು ಗಂಟೆಗೆ ಇನ್ನೊಬ್ರು ನೋಡೋಕೆ ಬರ್ತಾರೆ," ಎಂದಿದ್ದರು ಮಿಸೆಸ್ ಒಕಿಮೊಟೊ. "ನೀವು ತಡ ಮಾಡಿದ್ರೆ ನಾನು ಜವಾಬ್ದಾರಳಲ್ಲ."

ನಾಲ್ಕು ರಸ್ತೆ ದಾಟುವಷ್ಟರಲ್ಲಿ ಹಿಂದೆ ಕೆಂಪು ನೀಲಿ ದೀಪಗಳು ತಿರುಗತೊಡಗಿದವು.

"ಕೈ ಸ್ಟೇರಿಂಗ್ ಮೇಲೇ ಇರ್ಲಿ," ಎನ್ನುವ ಪೊಲೀಸ್ ದನಿ ಮಾತ್ರ ಮೊದಲು ಬಂತು. ಮುಖ ಆಮೇಲೆ. ಇನ್ನೂ ಮೀಸೆ ಸರಿಯಾಗಿ ಕೂರದ ಮುಖ. "ಗಾಡಿ ಯಾರ್ದು ಮೇಡಂ?"

"ನನ್ನದು. ಅಂದರೆ, ನನ್ನ ಗಂಡನದು."

"ಯಾವುದಾದ್ರೂ ಒಂದು ಹೇಳಿ."

ಅವಳನ್ನು ಇಳಿಸಿ ಕಾರಿನ ಹಿಂದಕ್ಕೆ ಕರೆದೊಯ್ದ. ಪ್ಲೇಟಿನ ಬಿಳಿ ಗಾಜಿನ ಮೇಲೆ ನಂಬರಿನ ಜಾಗದಲ್ಲಿ ಕಪ್ಪಗೆ, ಸ್ಪಷ್ಟವಾಗಿ, ದಪ್ಪ ಅಕ್ಷರಗಳಲ್ಲಿತ್ತು: ಕಳವು.

ಬೆಳಿಗ್ಗೆಯಿಂದ ಊರೆಲ್ಲ ಅದನ್ನು ಓದಿತ್ತು. ಓದದವಳು ಅವಳೊಬ್ಬಳೇ.

"ನಮ್ಮ ಪಟ್ಟಿಲಿ ದೂರೇನೂ ಇಲ್ಲ," ಪೊಲೀಸ್ ತಲೆ ಕೆರೆದುಕೊಂಡ. "ಆದ್ರೆ ಗಾಡಿ ತಾನೇ ಹೇಳ್ಕೊತಾ ಇದೆ. ಮುಂದಿನ ತಗಡು ನೋಡಿದ್ರೆ ನೀವು ಸಾಚಾ. ಹಿಂದಿಂದು ನೋಡಿದ್ರೆ ಕಳ್ಳಿ. ಯಾವ್ದನ್ನ ನಂಬ್ಲಿ?"

"ಎರಡೂ ಕಾನೂನುಬದ್ಧ," ಎಂದಳು ಅವಳು. ಅಭ್ಯಾಸಬಲ. ಹೇಳಿದ ಮೇಲೆ ತನ್ನ ಮಾತಿನ ಖಚಿತತೆಗೆ ತಾನೇ ನಾಚಿದಳು.

ಮಾಲೀಕನೇ ಹೇಳಬೇಕೆಂದ. ವಾರೆನ್‌ಗೆ ಅವಳ ಫೋನಿನಿಂದಲೇ ಕರೆ ಹೋಯಿತು. ಎರಡು ಸಲ ಅವನು ಎತ್ತಲಿಲ್ಲ. ಹನ್ನೆರಡೂಮುಕ್ಕಾಲಿಗೆ ಎತ್ತಿದ.

"ಅಯ್ಯೋ ದೇವ್ರೇ, ರಾತ್ರಿ ಬೆರಳು ತಾಗಿರ್ಬೇಕು ಸಾರ್," ನಗು ಸ್ಪೀಕರಿನಲ್ಲಿ ರಸ್ತೆಗೆಲ್ಲ ಕೇಳಿತು. "ಹೌದು, ನನ್ ಹೆಂಡ್ತೀನೇ. ಬಿಟ್ಬಿಡಿ ಪಾಪ. ಚಿನ್ನ, ಎಲ್ಲಿದೀಯ ನೀನು? ಯಾವ ರಸ್ತೆ ಅದು?"

ಅವಳು ಪ್ಲೇಟನ್ನೇ ನೋಡುತ್ತಿದ್ದಳು. ಪೊಲೀಸ್ ರಸ್ತೆಯ ಹೆಸರು ಹೇಳಿದ.

"ಓಹೋ," ಎಂದ ವಾರೆನ್. ಸ್ಪೀಕರಿನಲ್ಲಿ ಟಕ್ ಎಂದು ಉಗುರು ತಾಗಿದ ಸದ್ದು. "ಈಗ ನೋಡಿ."

ಗಾಜು ಒಮ್ಮೆ ಮಿಣುಕಿತು. ಅಕ್ಷರಗಳು ಕರಗಿ, ನಂಬರು ಮೂಡಿ ನಿಂತಿತು. ಪೊಲೀಸ್ ಕೈತಟ್ಟಿದ. "ಜಾದೂ! ಮನೆಗೆ ಹೋಗಿ ಮೇಡಂ. ಯಜಮಾನ್ರಿಗೆ ಬೆರಳು ಸ್ವಲ್ಪ ಹಿಡಿತದಲ್ಲಿ ಇಟ್ಕೊಳೋಕೆ ಹೇಳಿ."

ಬ್ರೆಡ್ಡಿನ ಅಂಗಡಿ ತಲುಪಿದಾಗ ಒಂದೂಕಾಲು. ಕೆಂಪು ಟೋಪಿಯ ಹುಡುಗಿಯೊಬ್ಬಳು ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಮೆಟ್ಟಿಲು ಇಳಿದು ಹೋದಳು.

"ಹೇಳಿದ್ದೆನಲ್ಲಮ್ಮ," ಎಂದರು ಬಾಗಿಲಲ್ಲಿದ್ದ ಮಿಸೆಸ್ ಒಕಿಮೊಟೊ. "ಏನಾಯ್ತು?"

"ಏನಿಲ್ಲ. ಟ್ರಾಫಿಕ್ಕು."

ಕಚೇರಿಗೆ ಮರಳಿ ಕರಪತ್ರ ತೆರೆದಳು. ಮೊದಲ ಉತ್ತರದ ಕೆಳಗೆ ಬೆರಳುಗಳು ತಾವಾಗಿ ಒಂದು ಸಾಲು ಸೇರಿಸಿದವು: ಏಕೆಂದರೆ ತಗಡಿನ ಮೇಲೆ ಅಚ್ಚಾದದ್ದನ್ನು ದೂರದಲ್ಲಿ ಕುಳಿತವರು ಬದಲಿಸಲಾಗದು. ಓದಿದಳು. ಭಾಷೆ ಚೆನ್ನಾಗಿತ್ತು. ಲೊರೆಟಾ ಕುರ್ಚಿ ಎಳೆದ ಸದ್ದಾಯಿತು.

"ಊಟಕ್ಕೆ ಎಲ್ಲಿ ಹಾಳಾಗಿ ಹೋಗಿದ್ದೆ? ಮುಖ ಯಾಕೆ ಹಂಗಿದೆ?"

"ಬಿಸಿಲು," ಎಂದು ಕೊರಿನ್ ಸಾಲನ್ನು ಅಳಿಸಿದಳು.

ಸಂಜೆ ಗ್ಯಾರೇಜಿನಲ್ಲಿ ಎಂಜಿನ್ ನಿಲ್ಲಿಸಿದ ಮೇಲೂ ಕುಳಿತೇ ಇದ್ದಳು. ಮೇಲಿನ ದೀಪ ತಾನಾಗಿ ಆರಿತು. ಇಳಿದು ಕಾರಿನ ಮುಂದೆ ಮೊಣಕಾಲೂರಿ ತಗಡಿನ ಮೇಲೆ ಬೆರಳಾಡಿಸಿದಳು. ಸತ್ತ ಹುಳುಗಳು ಅಂಟಿದ್ದವು. ಅವುಗಳ ಅಡಿಯಲ್ಲಿ ಉಬ್ಬಿದ ಅಂಕಿಗಳು ಕತ್ತಲಲ್ಲೂ ಬೆರಳಿಗೆ ಸಿಕ್ಕವು, ಒಂದೊಂದಾಗಿ, ಇದ್ದ ಹಾಗೇ.

ಹಿಂದಕ್ಕೆ ಹೋಗಿ ನೋಡುವ ಧೈರ್ಯವಾಗಲಿಲ್ಲ.

ಫೋನು ನಡುಗಿತು. ಮೊಡೆಸ್ಟೊದಿಂದ ಅಕ್ಕ ಜೀನಾ. "ಕೀಲಿ ಸಿಕ್ತೇನೇ? ಬೆಳಗಿಂದ ಕಾಯ್ತಾ ಇದೀನಿ!"

ಈ ಭೂಮಿಯ ಮೇಲೆ ಕೋಣೆಯ ವಿಷಯ ಗೊತ್ತಿದ್ದವಳು ಇವಳೊಬ್ಬಳೇ. ಹೇಳಿದರೆ ಜೀನಾ ಮೊದಲು ಕೇಳುವುದು, ಅವನು ಬೇಕಂತಲೇ ಮಾಡಿದ್ನಾ ಎಂದು. ಬೆರಳು ತಾಗಿದ್ದೆಂದರೆ ಅಕ್ಕ ನಗುತ್ತಾಳೆ. ಬೇಕಂತಲೇ ಎಂದರೆ, ಮತ್ತೇಕೆ ಅಲ್ಲಿದ್ದೀಯ ಎನ್ನುತ್ತಾಳೆ.

"ಕೋಣೆ ಇಷ್ಟ ಆಗ್ಲಿಲ್ಲ," ಎಂದಳು. "ಮಂಚ ಚಿಕ್ಕದು."

ಅಡುಗೆಮನೆಯಲ್ಲಿ ವಾರೆನ್ ಸೂಪು ಬಿಸಿ ಮಾಡುತ್ತಿದ್ದ. ಅವನ ಫೋನು ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು.

"ಮಧ್ಯಾಹ್ನ ಆ ಕಡೆ ಯಾಕೆ ಹೋಗಿದ್ದೆ?"

"ಬ್ರೆಡ್ಡು ತರೋಕೆ."

"ಎಲ್ಲಿ?"

"ಮುಗಿದು ಹೋಗಿತ್ತು."

ಅವನು ತಲೆಯಾಡಿಸಿ ಚಮಚದಿಂದ ಉಪ್ಪು ನೋಡಿದ. "ಕೈ ತೊಳ್ಕೊಂಡು ಬಾ. ಹುಳ ಮೆತ್ತಿದೆ."

ಯಾರಿಗೂ ಹೇಳುವುದಿಲ್ಲ, ಎಂದುಕೊಂಡಳು ಕೊರಿನ್. ಆ ನಿರ್ಧಾರ ಎಷ್ಟು ಸುಲಭವಾಗಿ ಬಂತೆಂದರೆ, ಬಹಳ ದಿನಗಳಿಂದ ಒಳಗೇ ಇದ್ದಂತೆ. ನಲ್ಲಿ ಅವನ ಆಚೆಗಿತ್ತು. ಅವಳು ಅವನತ್ತ ಮುಖವಿಟ್ಟೇ, ಬೆನ್ನ ಮೇಲೆ ಏನೋ ಮೂಡಿದೆಯೆಂಬಂತೆ ಅದನ್ನು ಗೋಡೆಗೆ ಒತ್ತಿಕೊಂಡು, ಅಡ್ಡಡ್ಡವಾಗಿ, ಒಂದೊಂದೇ ಹೆಜ್ಜೆ ಸರಿಯುತ್ತ ಹೋದಳು.