ಆಸ್ಪತ್ರೆಯ ಹಲಗೆಯ ಚೌಕ ಅಕ್ಷರ

ನಾನು ಒಂದು ಫಾಂಟು. ಹಳೆಯ ವಿಡಿಯೋ ಗೇಮುಗಳಲ್ಲಿ ಸಣ್ಣ ಸಣ್ಣ ಚೌಕಗಳನ್ನು ಜೋಡಿಸಿದಂಥ ಅಕ್ಷರಗಳಿರುತ್ತಿದ್ದವಲ್ಲ, ನಾನೂ ಅದೇ ಬಗೆ. ಹುಟ್ಟಿದ್ದು ಧಾರವಾಡದಲ್ಲಿ, ನೀಲಾಂಬಿಕಾಳ ಗ್ರಾಫ್ ಪುಸ್ತಕದಲ್ಲಿ. ಕನ್ನಡದ ಗುಂಡನೆಯ ಅಕ್ಷರಗಳನ್ನು ಚೌಕದೊಳಗೆ ಕೂರಿಸಲು ಅವಳಿಗೆ ಒಂದೂವರೆ ವರ್ಷ ಹಿಡಿಯಿತು. ‘ಕ್ಷ್ಮೀ’ ಒಂದಕ್ಕೇ ಹದಿಮೂರು ದಿನ.

ಅವಳ ಕಾಲೇಜಿನ ಗೆಳೆಯ ಫಕೀರೇಶ ಒಂದು ಗೇಮು ಮಾಡುತ್ತಿದ್ದ. ನಾನು ಅದಕ್ಕೆಂದೇ ಹುಟ್ಟಿದ್ದು. ಇಬ್ಬರ ಕಂಪ್ಯೂಟರಿನಲ್ಲೂ ನನ್ನ ಒಂದೊಂದು ಪ್ರತಿ ಇತ್ತು. “ಆಟ ಹೊರಗ ಬರೂತನಕ ಯಾರಿಗೂ ಕೊಡಬ್ಯಾಡ” ಎಂದಿದ್ದಳು ನೀಲಾ. ಅವನು ಒಪ್ಪಿದ್ದ.

ತಿಂಗಳಿಗೊಮ್ಮೆ ಒಬ್ಬರೇ ಕಣ್ಣಿನ ಆಸ್ಪತ್ರೆಗೆ ಹೋಗುತ್ತಿದ್ದ ಅಪ್ಪ ರಾಚಪ್ಪನವರ ಜೊತೆ ಒಂದು ದಿನ ಅವಳೂ ಹೋದಳು. ರೋಗಿಗಳ ಹೆಸರು ತೋರಿಸುವ ದೀಪದ ಹಲಗೆಯಲ್ಲಿ ನಾನಿದ್ದೆ. ಅವಳ ಮುಖ ಕಪ್ಪಿಟ್ಟಿತು. ನಿಂತಲ್ಲೇ ಫೋನು ಹಚ್ಚಿದಳು.

“ನನ್ನ ಅಕ್ಷರ ಯಾರಿಗೆ ಕೊಟ್ಟಿ?”

“ಯಾರಿಗೂ ಇಲ್ಲ. ಯಾಕ?” ಎಂದ ಫಕೀರೇಶ.

“ಸುಳ್ಳು ಹೇಳಬ್ಯಾಡ!”

ಯಾರು ನನ್ನ ಪ್ರತಿ ತೆಗೆದರೂ ನನಗೆ ಗೊತ್ತಾಗುವುದಿಲ್ಲ. ಹಾಗಾಗಿ ನಾನೂ ಅವನನ್ನೇ ಅನುಮಾನಿಸಿದೆ. ಹೋದ ವರ್ಷ ಅವನು ಹುಬ್ಬಳ್ಳಿಗೆ ಹೋದದ್ದೇಕೆ, ಕೇಳಿದಾಗ ನಕ್ಕದ್ದೇಕೆ ಎಂದು ನೀಲಾ ಒಂದೊಂದನ್ನೇ ಕೆದಕಿದಳು. ಅವನು ಎರಡು ಸಲ ಮನೆಗೆ ಬಂದ. ಎರಡು ಸಲವೂ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದಳು. ಮತ್ತೆ ಅವನು ಬರಲಿಲ್ಲ. ಬೇರೆ ಅಕ್ಷರ ಹಾಕಿ ಗೇಮು ಹೊರಗೆ ತಂದ.

ಆ ಸುದ್ದಿ ಓದಿ ಅವಳು “ಕಳ್ಳ” ಎಂದಾಗ ರಾಚಪ್ಪ ಚಹಾದ ಬಸಿ ಕೆಳಗಿಟ್ಟರು.

“ಅಂವಾ ಅಲ್ಲ ಯವ್ವಾ, ಕೊಟ್ಟಾಂವ ನಾನು. ಹಲಗಿ ಮ್ಯಾಲಿನ ಮೊದಲಿನ ಅಕ್ಷರ ತೆಳ್ಳಗಿದ್ದುವು, ನನಗ ಕಾಣತಿದ್ದಿಲ್ಲ. ಎರಡ ಸಲ ನನ್ನ ಪಾಳಿ ತಪ್ಪಿತ್ತು. ಮಂದೀನ್ನ ಕೇಳಾಕ ನಾಚಿಕಿ. ಹಲಗಿ ರಿಪೇರಿ ಮಾಡಾಂವಗ ನಿನ್ನ ದಪ್ಪ ಅಕ್ಷರ ಇದ್ದ ಪೆನ್‌ಡ್ರೈವ್ ಒಯ್ದು ಕೊಟ್ಟೆ. ಆವತ್ತ ಹೇಳಬೇಕಿತ್ತು. ನಿನ್ನ ಮಾರಿ ನೋಡಿ ಹೆದರಿದೆ.”

ನೀಲಾ ಅದೇ ದಿನ ಫಕೀರೇಶನ ಮನೆಗೆ ಹೋಗಿ ಎಲ್ಲ ಹೇಳಿದಳು. ಅವನು ಕೂಡ್ರು ಅನ್ನಲಿಲ್ಲ.

“ನಾ ಇಲ್ಲ ಅಂದಾಗ ನಂಬಲಿಲ್ಲ ನೀ. ಈಗ ನಿಮ್ಮಪ್ಪ ಅಂದಮ್ಯಾಲೆ ನಂಬಿದಿ,” ಎಂದಷ್ಟೇ ಹೇಳಿದ.

ನನಗೀಗ ವಯಸ್ಸಾಗಿದೆ. ಆಸ್ಪತ್ರೆಯ ಉಳಿದ ಮಹಡಿಗಳಿಗೆಲ್ಲ ಹೊಸ ಟೀವಿಗಳು ಬಂದಿವೆ. ನನ್ನ ಹಲಗೆಯಲ್ಲಿ ಕೆಲವು ದೀಪ ಸತ್ತಿವೆ. ಯಾರನ್ನೂ ಒಮ್ಮೆಲೇ ನಂಬದ ಚಾಳಿ ಮಾತ್ರ ಹೋಗಿಲ್ಲ. ಹೋದ ತಿಂಗಳು ಫಕೀರೇಶ ತಾಯಿಯನ್ನು ಕರೆತಂದ. ಅಪ್ಪನ ಜೊತೆ ಕೂತಿದ್ದ ನೀಲಾಳನ್ನು ನೋಡಿ ದೂರದ ಬೆಂಚಿಗೆ ಹೋದಾಗ, ಇವನ ಸಿಟ್ಟು ಇಳಿಯುವುದಲ್ಲ ಎಂದುಕೊಂಡೆ.

ಹಲಗೆಯಲ್ಲಿ ಅವನ ತಾಯಿಯ ಹೆಸರು ಬಂತು.

“ಗಂ... ಗ... ವ್ವ. ಏ, ನನ್ನ ಹೆಸರಲೇ! ನನಗ ಕಾಣಸ್ತು!” ಎಂದು ಮುದುಕಿ ಎದ್ದೇಬಿಟ್ಟಳು.

ಅವಳ ಕೈಹಿಡಿದು ನಡೆಸಿಕೊಂಡು ಬಂದ ಫಕೀರೇಶ, ನೀಲಾಳ ಮುಂದೆ ನಿಂತ.

“ಯವ್ವಾ, ಆ ಅಕ್ಷರ ಮಾಡಿದಾಕಿ ಈಕಿ.”

ಅವನ ದನಿಯಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ. ನೀಲಾ ಎದ್ದು ಗಂಗವ್ವನ ಇನ್ನೊಂದು ಕೈ ಹಿಡಿದಳು. ಅವನು ಬ್ಯಾಡ ಅನ್ನಲಿಲ್ಲ.